ಸಹಿ ಹಾಕುವ ಮೊದಲು ಹಿಂದಿನ ಪುಟಗಳಿಂದ ಓದಿ

ಉದ್ಯೋಗ ಪ್ರಶ್ನೋತ್ತರ

ಕಾಲೇಜು ಮುಗಿಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳ ಬಣ್ಣವೇ ಬದಲಾಗುತ್ತೆ. ಕೆಲಸ ಸಿಗುತ್ತಿಲ್ಲ ಅನ್ನುವವರ ಜೊತೆಗೆ, ಕೆಲಸ ಸಿಕ್ಕಿದೆ, ಸಹಿ ಹಾಕಲಾ ಬೇಡವಾ ಅಂತ ಕೇಳುವವರೂ ಸೇರಿಕೊಳ್ಳುತ್ತಾರೆ. ನಾನು ನಿವೃತ್ತಿಯವರೆಗೂ ಎಚ್‌ಆರ್ ವಿಭಾಗದಲ್ಲಿದ್ದವಳು. ನಿಮ್ಮ ಕೈಗೆ ಬರುವ ಆಫರ್ ಪತ್ರಗಳನ್ನು ತಯಾರು ಮಾಡುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಯಾವ ಸಾಲನ್ನು ಯಾಕೆ ಬರೆದಿರುತ್ತಾರೆ ಅನ್ನುವುದು ಚೆನ್ನಾಗಿಯೇ ಗೊತ್ತು.

ಪ್ರಶ್ನೆ: ಮೇಡಂ, ನನಗೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಆಫರ್ ಬಂದಿದೆ. ವರ್ಷಕ್ಕೆ 6 ಲಕ್ಷ ಸಿಟಿಸಿ. ತಿಂಗಳಿಗೆ 50 ಸಾವಿರ ಕೈಗೆ ಬರುತ್ತೆ ಅಂತ ಮನೆಯಲ್ಲಿ ಹೇಳಿದ್ದೇನೆ. ಪತ್ರ 11 ಪುಟ ಇದೆ. ಎರಡು ದಿನದೊಳಗೆ ಸಹಿ ಮಾಡಿ ಕಳಿಸಬೇಕಂತೆ. ಏನೇನು ನೋಡಬೇಕು? ಸಂಬಳದ ವಿವರ ಇರುವ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ.
— ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಮನೆಯವರಿಗೆ ಇನ್ನೊಂದು ಸಲ ಫೋನ್ ಮಾಡಿ. ಕೈಗೆ ಬರುವುದು 50 ಸಾವಿರ ಅಲ್ಲ, 36,800.

ಸಿಟಿಸಿ ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳ ಅಲ್ಲ. ನೀವು ಕಳಿಸಿದ ಹಾಳೆಯಲ್ಲೇ ಎಲ್ಲ ಇದೆ. ನಿಮ್ಮ ಬೇಸಿಕ್, ಅಂದರೆ ಮೂಲ ವೇತನ, ತಿಂಗಳಿಗೆ 25,000. ಅದರ ಶೇ. 12ರಷ್ಟು ಕಂಪನಿ ಪಿಎಫ್‌ಗೆ ಕಟ್ಟುತ್ತೆ. ವರ್ಷಕ್ಕೆ 36,000. ಅದನ್ನು ಕಂಪನಿ ತನ್ನ ಕಿಸೆಯಿಂದ ಕಟ್ಟುತ್ತೆ ಅಂದುಕೊಂಡಿರಾ? ಅದು ಆ 6 ಲಕ್ಷದ ಒಳಗೇ ಇದೆ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡುಗಂಟು, ಅಂತ 14,430 ಇಟ್ಟಿದ್ದಾರೆ. ವೇರಿಯಬಲ್ ಪೇ, ಅಂದರೆ ಸಂಬಳದಲ್ಲಿ ಖಚಿತವಲ್ಲದ ಭಾಗ, 60,000. ಆರೋಗ್ಯ ವಿಮೆಯ ಕಂತು 9,570. ಇವೆಲ್ಲ ಸೇರಿದರೆ ಒಂದು ಲಕ್ಷದ ಇಪ್ಪತ್ತು ಸಾವಿರ. ಉಳಿದದ್ದು 4,80,000, ಅಂದರೆ ತಿಂಗಳಿಗೆ 40,000. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3,000 ಹೋಗುತ್ತೆ. ವೃತ್ತಿ ತೆರಿಗೆ 200 ಹೋಗುತ್ತೆ, ಫೆಬ್ರವರಿಯಲ್ಲಿ ಮಾತ್ರ 300. ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಬೀಳಲ್ಲ, ಅಷ್ಟು ಸಮಾಧಾನ.

ಇದರಲ್ಲಿ ಮೋಸ ಏನೂ ಇಲ್ಲ. ಪಿಎಫ್ ದುಡ್ಡು ನಿಮ್ಮದೇ, ಎಲ್ಲೂ ಹೋಗಲ್ಲ. ಆದರೆ ಗ್ರಾಚ್ಯುಟಿಯ ಕಥೆ ಬೇರೆ. ಕಾಯಂ ನೌಕರರಿಗೆ ಅದು ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷ ಸತತವಾಗಿ ದುಡಿದಿರಬೇಕು. ಎರಡನೇ ವರ್ಷಕ್ಕೇ ಬೇರೆ ಕಂಪನಿಗೆ ಹೋದರೆ ಆ 14,430 ಬರೀ ಕಾಗದದ ಮೇಲಿನ ಅಂಕಿ. ವೇರಿಯಬಲ್ ಅಂತೂ ಇನ್ನೂ ನಾಜೂಕು. ಏಳನೇ ಪುಟದಲ್ಲಿ 'ಕಂಪನಿಯ ವಿವೇಚನೆಗೆ ಒಳಪಟ್ಟು, ಗರಿಷ್ಠ' ಅಂತ ಇದೆ ನೋಡಿ. ಅಂದರೆ ಸೊನ್ನೆ ಕೊಟ್ಟರೂ ನೀವು ಕೇಳುವ ಹಾಗಿಲ್ಲ. ಅದರ ಕೆಳಗಿನ ಸಾಲು ನೋಡಿದಿರಾ? ಹಣ ಪಾವತಿಸುವ ದಿನ ನೋಟಿಸ್ ಪೀರಿಯಡ್‌ನಲ್ಲಿ, ಅಂದರೆ ರಾಜೀನಾಮೆ ಕೊಟ್ಟು ಹೊರಡುವವರೆಗಿನ ಅವಧಿಯಲ್ಲಿ, ಇರುವವರಿಗೆ ವೇರಿಯಬಲ್ ಇಲ್ಲ. ಇಡೀ ವರ್ಷ ದುಡಿದು, ಕೊಡುವ ತಿಂಗಳಿಗೆ ಒಂದು ವಾರ ಮುಂಚೆ ರಾಜೀನಾಮೆ ಕೊಟ್ಟರೆ ಪೂರ್ತಿ ಹೋಯಿತು. ಕೆಲಸ ಬಿಡುವ ಯೋಚನೆ ಬಂದ ದಿನ ಈ ಸಾಲನ್ನು ತೆಗೆದು ನೋಡಬೇಕು.

ಇಲ್ಲಿಂದಲೇ ನಾನು ನಿಜವಾಗಿ ಹೇಳಬೇಕಾದದ್ದು ಶುರು. ಎಲ್ಲರೂ ಪತ್ರವನ್ನು ಮೊದಲ ಪುಟದಿಂದ ಓದುತ್ತಾರೆ. ಹುದ್ದೆ, ಸಂಬಳ, ಸೇರುವ ದಿನ ಅಲ್ಲಿರುತ್ತೆ. ಅಷ್ಟರಲ್ಲಿ ಖುಷಿಯಾಗಿ ಉಳಿದದ್ದನ್ನು ಸುಮ್ನೆ ತಿರುವಿಬಿಡುತ್ತಾರೆ. ನೀವು ಹಿಂದಿನಿಂದ ಓದಿ. ನಾಳೆ ನೀವೇ ಬಿಟ್ಟರೆ ಏನಾಗುತ್ತೆ, ಅವರೇ ಕಳಿಸಿದರೆ ಏನಾಗುತ್ತೆ ಅನ್ನುವುದು ಅಲ್ಲಿರುತ್ತೆ. ಸೇರುವಾಗ ಎಲ್ಲರೂ ನಗುನಗುತ್ತಾ ಇರುತ್ತಾರೆ. ಬಿಡುವಾಗ ಯಾರ ಮುಖದಲ್ಲೂ ನಗು ಇರಲ್ಲ. ಆಗ ಮಾತನಾಡುವುದು ಈ ಹಾಳೆ ಮಾತ್ರ.

ನಿಮ್ಮ ಪತ್ರದ ಒಂಬತ್ತನೇ ಪುಟಕ್ಕೆ ಬನ್ನಿ. ಪ್ರೊಬೇಷನ್, ಅಂದರೆ ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ, ಆರು ತಿಂಗಳು. ಆ ಅವಧಿಯಲ್ಲಿ ಕಂಪನಿ ನಿಮ್ಮನ್ನು ಕಳಿಸಬೇಕಾದರೆ 15 ದಿನದ ನೋಟಿಸ್ ಸಾಕು. ನೀವು ಹೋಗಬೇಕಾದರೆ 90 ದಿನ. ಕನ್ಫರ್ಮ್ ಆದ ಮೇಲೆ ಅವರಿಗೆ 30, ನಿಮಗೆ ಆಗಲೂ 90. ಈ ಅಂತರ ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತೆ. ಮೂರು ತಿಂಗಳು ಕಾಯುವ ಹೊಸ ಕಂಪನಿಗಳು ಎಷ್ಟಿರುತ್ತವೆ? ಎರಡೂ ಕಡೆಗೆ ಒಂದೇ ಅವಧಿ ಇರಲಿ ಅಂತ ಕೇಳಿ. ಅದಕ್ಕೆ ಒಪ್ಪದಿದ್ದರೆ, ಪ್ರೊಬೇಷನ್ ಮುಗಿಯುವವರೆಗಾದರೂ ನಿಮಗೂ 15 ಅಥವಾ 30 ದಿನ ಮಾಡಿಕೊಡಿ ಅನ್ನಿ. ಇದಕ್ಕೆ ಒಪ್ಪುವವರು ಇದ್ದಾರೆ.

ಆಮೇಲೆ ಬೈಔಟ್. ನೋಟಿಸ್ ಪೂರ್ತಿ ಮಾಡದೆ ಉಳಿದ ದಿನಗಳಿಗೆ ದುಡ್ಡು ಕಟ್ಟಿ ಹೋಗಬಹುದಾ? ನಿಮ್ಮ ಪತ್ರದ ಪ್ರಕಾರ ಕಂಪನಿ ಒಪ್ಪಿದರೆ ಮಾತ್ರ. ಒಪ್ಪಿದರೂ ಲೆಕ್ಕ ಯಾವುದರ ಮೇಲೆ, 25,000 ಬೇಸಿಕ್ ಮೇಲಾ, 40,000 ಗ್ರಾಸ್ (ತಿಂಗಳ ಒಟ್ಟು ಸಂಬಳ) ಮೇಲಾ? ಅಲ್ಲಿ 'ಸಂಬಳ' ಅಂತಷ್ಟೇ ಬರೆದಿದ್ದಾರೆ. ಎರಡು ತಿಂಗಳ ನೋಟಿಸ್ ಉಳಿಸಿಕೊಂಡು ಹೊರಟರೆ ಒಂದು ಲೆಕ್ಕಕ್ಕೆ 50 ಸಾವಿರ, ಇನ್ನೊಂದು ಲೆಕ್ಕಕ್ಕೆ 80 ಸಾವಿರ. ಈಗಲೇ ಕೇಳಿ ಬರೆಸಿಕೊಳ್ಳಿ.

ಇನ್ನೊಂದು ಸಾಲು: 'ಲಿಖಿತವಾಗಿ ಕಾಯಂ ಮಾಡುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ.' ಆರು ತಿಂಗಳು ಕಳೆದ ತಕ್ಷಣ ನೀವು ತಾನಾಗಿಯೇ ಕಾಯಂ ಆಗಿಬಿಡಲ್ಲ. ಫೋನಿನಲ್ಲಿ ಒಂದು ಅಲಾರಂ ಇಟ್ಟುಕೊಂಡು ಆ ಹೊತ್ತಿಗೆ ಕನ್ಫರ್ಮೇಷನ್ ಲೆಟರ್ ಕೇಳಿ.

ಕಡೆಯ ಲೆಕ್ಕ, ಅಂದರೆ ಫುಲ್ ಆ್ಯಂಡ್ ಫೈನಲ್ ಸೆಟ್ಲ್‌ಮೆಂಟ್, 45 ದಿನದಲ್ಲಿ ಅಂತ ಬರೆದಿದ್ದಾರೆ. ಇದು ಹಳೆಯ ನಮೂನೆಯ ಪತ್ರ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ವೇತನ ಸಂಹಿತೆ ಹೇಳುವ ಪ್ರಕಾರ ರಾಜೀನಾಮೆ ಕೊಟ್ಟರೂ ಸರಿ, ತೆಗೆದುಹಾಕಿದರೂ ಸರಿ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ನೀವು ಸಹಿ ಹಾಕಿದ ಮಾತ್ರಕ್ಕೆ ಕಾನೂನು ಬದಲಾಗಲ್ಲ. ಅದೇ ಸಂಹಿತೆಯಲ್ಲಿ ಇನ್ನೊಂದು ವಿಷಯ ಇದೆ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಥರದ, ವೇತನಕ್ಕೆ ಸೇರಿಸದ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗವನ್ನೂ ವೇತನ ಅಂತಲೇ ಲೆಕ್ಕ ಹಿಡಿಯಬೇಕು. ಬೇಸಿಕ್ ಅನ್ನು ಸಣ್ಣದು ಮಾಡಿ ಭತ್ಯೆಯನ್ನು ಉಬ್ಬಿಸಿ ಗ್ರಾಚ್ಯುಟಿ ಉಳಿಸುತ್ತಿದ್ದ ಹಳೆಯ ಚಾಳಿಗೆ ಇದರಿಂದ ಕಡಿವಾಣ ಬಿದ್ದಿದೆ. ನಿಮ್ಮ ಹಾಳೆಯಲ್ಲಿ ಬೇಸಿಕ್ ಅರ್ಧಕ್ಕಿಂತ ಕಡಿಮೆ ಇಲ್ಲ, ತೊಂದರೆ ಇಲ್ಲ.

ವರ್ಗಾವಣೆಯ ಷರತ್ತು ಇದೆ: ದೇಶದ ಯಾವುದೇ ಊರಿಗೆ, ಯಾವುದೇ ಶಿಫ್ಟಿಗೆ, ಸಹ ಸಂಸ್ಥೆಗಳಿಗೆ ಕೂಡ. ಇದು ಎಲ್ಲ ಕಡೆ ಇರುತ್ತೆ, ತೆಗೆಸುವುದು ಕಷ್ಟ. ರಾತ್ರಿ ಪಾಳಿ ಇದೆಯಾ, ಮನೆಯಿಂದ ಕೆಲಸ ಮಾಡಬಹುದು ಅಂತ ಸಂದರ್ಶನದಲ್ಲಿ ಹೇಳಿದ್ದು ಪತ್ರದಲ್ಲಿ ಎಲ್ಲಾದರೂ ಇದೆಯಾ, ಅಷ್ಟು ನೋಡಿ. ಬಾಯಿಮಾತಿನಲ್ಲಿ ಹೇಳಿದ ಮ್ಯಾನೇಜರ್ ಆರು ತಿಂಗಳಲ್ಲಿ ಬೇರೆ ಕಂಪನಿಯಲ್ಲಿ ಇರಬಹುದು.

ಪ್ರಶ್ನೆ: ನಮ್ಮ ಮಗಳಿಗೆ ಖಾಸಗಿ ಕಂಪನಿಯಲ್ಲಿ ಡಿಪ್ಲೊಮಾ ಮೇಲೆ ಕೆಲಸ ಸಿಕ್ಕಿದೆ. ಎರಡು ವರ್ಷದ ಬಾಂಡ್ ಅಂತೆ. ಮಧ್ಯೆ ಬಿಟ್ಟರೆ 3 ಲಕ್ಷ ಕಟ್ಟಬೇಕು. ಅಂಕಪಟ್ಟಿಗಳ ಒರಿಜಿನಲ್ ಮತ್ತು ಸಹಿ ಮಾಡಿದ ಖಾಲಿ ಚೆಕ್ ಕೇಳುತ್ತಿದ್ದಾರೆ. ಬಾಂಡ್ ಕಾನೂನಿನ ಪ್ರಕಾರ ನಡೆಯೋದೇ ಇಲ್ಲ, ಧೈರ್ಯವಾಗಿ ಹಾಕಿ ಅಂತ ಪರಿಚಯದವರು ಹೇಳುತ್ತಾರೆ. ನಿಜವೇ ಮೇಡಂ?
— ಒಬ್ಬ ತಂದೆ, ಹಾಸನ

ಉತ್ತರ: ಪರಿಚಯದವರ ಮಾತು ಅರ್ಧ ಸರಿ. ಆ ಅರ್ಧವನ್ನೇ ನಂಬಿ ಸಹಿ ಹಾಕಬೇಡಿ.

ಯಾವ ನ್ಯಾಯಾಲಯವೂ ನಿಮ್ಮ ಮಗಳನ್ನು ಕೂಡಿಹಾಕಿ ಕೆಲಸ ಮಾಡಿಸಲ್ಲ. ಅದು ಸರಿ. ಆದರೆ ದುಡ್ಡಿನ ವಿಷಯ ಬೇರೆ. ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಕನಿಷ್ಠ ಮೂರು ವರ್ಷ ಕೆಲಸ ಮಾಡಬೇಕು, ಇಲ್ಲದಿದ್ದರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತಿತ್ತು. ಅಧಿಕಾರಿ ಮೊದಲೇ ಬಿಟ್ಟು ಹೋಗಿದ್ದರು. ನಮ್ಮ ಹೈಕೋರ್ಟ್ ಅವರ ಪರ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟು ಷರತ್ತು ಸರಿ ಅಂತು. ಸರ್ಕಾರಿ ಬ್ಯಾಂಕು ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಆಯ್ಕೆ ಮಾಡುತ್ತೆ, ಮಧ್ಯೆ ಬಿಟ್ಟರೆ ಆ ಖರ್ಚು ಮತ್ತೆ ಬೀಳುತ್ತೆ ಅನ್ನುವುದು ಒಂದು ಕಾರಣ.

ಹಾಗಂತ ಪತ್ರದಲ್ಲಿ ಬರೆದ 3 ಲಕ್ಷವೂ ತಾನಾಗಿ ಸಿಗಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ ಅಷ್ಟೇ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟು ಅಂತ ನೋಡುತ್ತಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ: ಯಾವ ತರಬೇತಿ, ಎಷ್ಟು ದಿನ, ಎಲ್ಲಿ, ಕಂಪನಿಗೆ ಅದರಿಂದ ಖರ್ಚು ಎಷ್ಟು? ಹೊರಗಿನ ಸಂಸ್ಥೆಗೆ ಶುಲ್ಕ ಕಟ್ಟಿ ಕಲಿಸುತ್ತಿದ್ದರೆ ಬಾಂಡ್‌ಗೆ ಅರ್ಥ ಇದೆ. ಹಳೆಯ ಕೆಲಸಗಾರರ ಪಕ್ಕ ನಿಲ್ಲಿಸಿ ಕೆಲಸ ಮಾಡಿಸುವುದಕ್ಕೆ ಮೂರು ಲಕ್ಷದ ತರಬೇತಿ ಅಂತ ಹೆಸರಿಟ್ಟರೆ ಒಪ್ಪಬೇಡಿ. ಕಳೆದ ತಿಂಗಳುಗಳಿಗೆ ತಕ್ಕಂತೆ ಮೊತ್ತ ಇಳಿಯುತ್ತಾ ಬರಬೇಕು ಅಂತಲೂ ಕೇಳಿ. ಒಂದೂವರೆ ವರ್ಷ ದುಡಿದವಳೂ ಒಂದು ತಿಂಗಳು ದುಡಿದವಳೂ ಒಂದೇ ಮೊತ್ತ ಕಟ್ಟುವುದು ಯಾವ ನ್ಯಾಯ? ಮದುವೆಯಾಗಿ ಊರು ಬಿಡಬೇಕಾಗಿ ಬಂದರೆ, ಕಾಯಿಲೆ ಬಿದ್ದರೆ, ಕಂಪನಿಯೇ ತೆಗೆದುಹಾಕಿದರೆ ಬಾಂಡ್ ಏನಾಗುತ್ತೆ ಅನ್ನುವುದನ್ನೂ ಬರೆಸಿ.

ಖಾಲಿ ಚೆಕ್ ಮಾತ್ರ ಬೇಡವೇ ಬೇಡ. ಬಾಂಡ್‌ಗಾಗಿ ಕೇಸು ಹಾಕಬೇಕಾದರೆ ಕಂಪನಿ ಸಿವಿಲ್ ಕೋರ್ಟಿಗೆ ಹೋಗಿ ನಷ್ಟ ತೋರಿಸಬೇಕು, ವರ್ಷಗಟ್ಟಲೆ ಅಲೆಯಬೇಕು. ಕೈಯಲ್ಲಿ ಚೆಕ್ ಇದ್ದರೆ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿ, ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕೆಳಗೆ ಕ್ರಿಮಿನಲ್ ದೂರು ಕೊಡಬಹುದು. ಎರಡು ವರ್ಷದವರೆಗೆ ಜೈಲು ಶಿಕ್ಷೆ ಇರುವ ಕಲಂ ಅದು. ಚೆಕ್ ಯಾಕೆ ಕೇಳುತ್ತಾರೆ ಅಂತ ಈಗ ಗೊತ್ತಾಯಿತಲ್ವಾ?

ಒರಿಜಿನಲ್ ಅಂಕಪಟ್ಟಿ ತೋರಿಸಿ, ಅವರು ತಾಳೆ ನೋಡಲಿ, ಅದೇ ದಿನ ವಾಪಸ್ ತನ್ನಿ. ಬಿಟ್ಟು ಬರಬೇಡಿ. ಈ ಎರಡಕ್ಕೂ ಜಗ್ಗದ ಕಂಪನಿಯಾದರೆ, ನನ್ನ ಮಗಳಾಗಿದ್ದರೆ ನಾನು ಕಳಿಸುತ್ತಿರಲಿಲ್ಲ.

ಪ್ರಶ್ನೆ: ಕೆಲಸ ಬಿಟ್ಟ ಮೇಲೆ ಒಂದು ವರ್ಷ ಇದೇ ಕ್ಷೇತ್ರದ ಬೇರೆ ಕಂಪನಿಗೆ ಸೇರುವಂತಿಲ್ಲ ಅಂತ ಪತ್ರದಲ್ಲಿದೆ. ನನಗೆ ಗೊತ್ತಿರುವುದು ಇದೊಂದೇ ಕೆಲಸ. ಆ ಒಂದು ವರ್ಷ ಮನೆಯಲ್ಲಿ ಕೂರಬೇಕಾ?
— ಮೆಡಿಕಲ್ ರೆಪ್, ಹುಬ್ಬಳ್ಳಿ

ಉತ್ತರ: ಬೇಕಿಲ್ಲ. ಅದೇ ಕರಾರು ಕಾಯ್ದೆಯ 27ನೇ ಕಲಂ ಇದೆ. ಒಬ್ಬರು ತಮ್ಮ ಕಸುಬು ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು. ಕೆಲಸ ಬಿಟ್ಟ ನಂತರಕ್ಕೂ ಚಾಚುವ ಇಂಥ ನಿರ್ಬಂಧಗಳನ್ನು ನಮ್ಮ ಕೋರ್ಟುಗಳು ಎತ್ತಿಹಿಡಿಯಲ್ಲ. ಕ್ರಿಕೆಟಿಗ ಜಹೀರ್ ಖಾನ್ ವಿರುದ್ಧ ಅವರ ಹಳೆಯ ಏಜೆನ್ಸಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಕರಾರು ಮುಗಿದ ಮೇಲೂ ಅವರನ್ನು ಕಟ್ಟಿಹಾಕಲು ನೋಡಿದ ಷರತ್ತಿಗೆ 2006ರಲ್ಲಿ ಕೋರ್ಟ್ ಬೆಂಬಲ ಕೊಡಲಿಲ್ಲ.

ಕೆಲಸದಲ್ಲಿ ಇರುವಾಗಿನ ಮಾತು ಬೇರೆ. ಸಂಬಳ ಇಲ್ಲಿ ತೆಗೆದುಕೊಂಡು ಸಂಜೆ ಪ್ರತಿಸ್ಪರ್ಧಿ ಕಂಪನಿಗೆ ಕೆಲಸ ಮಾಡಬಾರದು ಅನ್ನುವ ಷರತ್ತು ನಡೆಯುತ್ತೆ. ಬಿಟ್ಟ ಮೇಲೂ ಗುಟ್ಟು ಕಾಪಾಡುವ ಷರತ್ತು ಉಳಿಯುತ್ತೆ. ಡಾಕ್ಟರುಗಳ ಪಟ್ಟಿ, ಸ್ಟಾಕಿಸ್ಟ್‌ಗಳ ದರ ಇರುವ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದರೆ 27ನೇ ಕಲಂ ನಿಮ್ಮನ್ನು ಕಾಪಾಡಲ್ಲ. ನಿಮ್ಮ ಪತ್ರದಲ್ಲಿ ನಾನು ಗಮನ ಕೊಡುವುದು ಈ ಗುಟ್ಟಿನ ಷರತ್ತಿಗೆ. 'ಗೌಪ್ಯ ಮಾಹಿತಿ' ಅಂದರೆ ಏನು ಅಂತ ವಿವರಿಸಿದ್ದಾರಾ, ಅಥವಾ ನೀವು ಕಲಿತಿದ್ದೆಲ್ಲ ಅದರೊಳಗೆ ಬರುತ್ತಾ ಅಂತ ನೋಡಿ.

ಷರತ್ತು ಅಸಿಂಧು ಅಂದ ಮಾತ್ರಕ್ಕೆ ವಕೀಲರ ನೋಟಿಸ್ ಬರಲ್ಲ ಅಂತೇನಿಲ್ಲ. ಬರುತ್ತೆ, ಹೆದರಿಸುವುದಕ್ಕೆ. ಆಗ ಹೊಸ ಕಂಪನಿಯಿಂದ ಮುಚ್ಚಿಡಬೇಡಿ, ನೀವೂ ಒಬ್ಬ ವಕೀಲರಿಂದ ಉತ್ತರ ಕೊಡಿಸಿ.

ಪ್ರಶ್ನೆ: ಇಷ್ಟೆಲ್ಲ ಕೇಳಿದರೆ ಆಫರ್ ವಾಪಸ್ ತಗೊಳ್ಳಲ್ವಾ ಮೇಡಂ? ನನ್ನ ಸ್ನೇಹಿತೆ 'ತಲೆಹರಟೆ ಅಂದುಕೊಳ್ಳುತ್ತಾರೆ, ಸುಮ್ಮನೆ ಸಹಿ ಮಾಡು' ಅಂತಾಳೆ.
— ಓದುಗಿ, ಮೈಸೂರು

ಉತ್ತರ: ಮೇಜಿನ ಆ ಕಡೆ ಹೇಗಿರುತ್ತೆ ಅಂತ ಹೇಳುತ್ತೇನೆ. ಒಬ್ಬರನ್ನು ಆರಿಸುವ ಹೊತ್ತಿಗೆ ಎಚ್‌ಆರ್‌ನವರು ಹತ್ತಾರು ಜನರ ಜೊತೆ ಮಾತನಾಡಿ ಸುಸ್ತಾಗಿರುತ್ತಾರೆ. ಮ್ಯಾನೇಜರ್ ದಿನಾ ತಲೆ ತಿನ್ನುತ್ತಿರುತ್ತಾರೆ, ಯಾವಾಗ ಬರುತ್ತಾರೆ, ಯಾವಾಗ ಬರುತ್ತಾರೆ ಅಂತ. ಎರಡು ಪ್ರಶ್ನೆ ಕೇಳಿದರು ಅಂತ ಆ ಕೆಲಸವನ್ನೆಲ್ಲ ಮತ್ತೆ ಮೊದಲಿಂದ ಮಾಡಲು ಯಾರಿಗೂ ಆಸೆ ಇರಲ್ಲ.

ಆದರೆ ಕೇಳುವ ರೀತಿ ಇದೆ. ಇಪ್ಪತ್ತು ಪ್ರಶ್ನೆಗಳ ಪಟ್ಟಿ ಕಳಿಸಬೇಡಿ. ನಿಜವಾಗಿ ಮುಖ್ಯವಾದ ಎರಡೋ ಮೂರೋ ಆರಿಸಿ. ಫೋನಿನಲ್ಲಿ ಮಾತನಾಡಿ, ಅದೇ ದಿನ ಮೇಲ್ ಹಾಕಿ. ಹೀಗೆ ಬರೆದರೆ ಸಾಕು: 'ಆಫರ್‌ಗೆ ಧನ್ಯವಾದ. ಸೇರಲು ಉತ್ಸುಕಳಾಗಿದ್ದೇನೆ. 9ನೇ ಷರತ್ತಿನ ಪ್ರಕಾರ ಪ್ರೊಬೇಷನ್‌ನಲ್ಲೂ ನೋಟಿಸ್ 90 ದಿನ ಇದೆ. ಇಂದು ಫೋನಿನಲ್ಲಿ ಮಾತಾದಂತೆ ಅದು 30 ದಿನ ಅಂತ ಖಚಿತಪಡಿಸಿ, ತಿದ್ದಿದ ಪ್ರತಿ ಕಳಿಸಿಕೊಡಿ.' ಜಗಳದ ಧಾಟಿಯೂ ಇಲ್ಲ, ಬೇಡಿಕೊಳ್ಳುವ ಧಾಟಿಯೂ ಇಲ್ಲ.

'ಅದೆಲ್ಲ ಸುಮ್ನೆ ಫಾರ್ಮಾಲಿಟಿ, ನಾವು ಯಾರಿಗೂ ಹಾಗೆ ಮಾಡಲ್ಲ' ಅಂತ ಉತ್ತರ ಬರಬಹುದು. ಆಗ ನಗುತ್ತಲೇ, 'ಹಾಗಾದರೆ ಆ ಸಾಲು ತೆಗೆದರೆ ಇಬ್ಬರಿಗೂ ಒಳ್ಳೆಯದಲ್ವಾ' ಅನ್ನಿ. ದೊಡ್ಡ ಕಂಪನಿಗಳಲ್ಲಿ ಪತ್ರದ ನಮೂನೆ ಬದಲಿಸಲು ನಿಜವಾಗಿಯೂ ಆಗಲ್ಲ. ಅಂಥಲ್ಲಿ ಮೇಲ್‌ನಲ್ಲಿ ಒಂದು ಸಾಲಿನ ಸ್ಪಷ್ಟನೆ ಪಡೆದರೂ ನಡೆಯುತ್ತೆ. ಆದರೆ ಪತ್ರದ ಕೊನೆಗೆ 'ಈ ಪತ್ರದ ಹೊರಗಿನ ಯಾವ ಮಾತಿಗೂ ಬೆಲೆ ಇಲ್ಲ' ಅನ್ನುವ ಅರ್ಥದ ಷರತ್ತು ಇದ್ದರೆ ಆ ಮೇಲ್‌ನ ಬಲ ಕಡಿಮೆ. ಆಗ ತಿದ್ದಿದ ಪ್ರತಿಗೇ ಪಟ್ಟು ಹಿಡಿಯಿರಿ.

ಸಹಿಗೆ ಮುಂಚೆ ದುಡ್ಡು ಕೇಳಿದರೆ, ಲ್ಯಾಪ್‌ಟಾಪ್ ಠೇವಣಿ, ಯೂನಿಫಾರಂ, ವೆರಿಫಿಕೇಷನ್ ಶುಲ್ಕ ಅಂತ ಏನೇ ಹೆಸರಿರಲಿ, ಅಲ್ಲಿಗೇ ಮಾತು ನಿಲ್ಲಿಸಿ.

ಪ್ರಶ್ನೆ: ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಒಂದೂವರೆ ವರ್ಷಕ್ಕೆ ಕಾಂಟ್ರ್ಯಾಕ್ಟ್ ಮೇಲೆ ಕರೆದಿದ್ದಾರೆ. ತಿಂಗಳಿಗೆ 19 ಸಾವಿರ. ಪತ್ರದ ಮೇಲೆ ಇರುವುದು ಮಾತ್ರ ಬೇರೆ ಏಜೆನ್ಸಿಯ ಹೆಸರು. ಇದು ಸರೀನಾ?
— ಐಟಿಐ ಫಿಟ್ಟರ್

ಉತ್ತರ: ತಪ್ಪಲ್ಲ. ಆದರೆ ನಿಮಗೆ ಕೆಲಸ ಕೊಟ್ಟಿರುವುದು ಫ್ಯಾಕ್ಟರಿ ಅಲ್ಲ, ಏಜೆನ್ಸಿ. ಸಂಬಳ, ಪಿಎಫ್, ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಎಲ್ಲ ಅವರ ಕೈಯಲ್ಲಿ. ಏಜೆನ್ಸಿಯ ವಿಳಾಸಕ್ಕೆ ಒಮ್ಮೆ ಹೋಗಿ ಬನ್ನಿ. ಅದೇ ಏಜೆನ್ಸಿಯ ಮೂಲಕ ಈಗ ದುಡಿಯುತ್ತಿರುವವರನ್ನು ಗೇಟಿನ ಹತ್ತಿರ ಕೇಳಿ, ಸಂಬಳ ಎಷ್ಟನೇ ತಾರೀಕು ಬರುತ್ತೆ, ಪಿಎಫ್ ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳು ಜಮೆ ಕಾಣುತ್ತಾ ಅಂತ. ನಿಮ್ಮ ಸಂಬಳ ಇಎಸ್‌ಐ ಮಿತಿಯೊಳಗೆ ಬರುತ್ತೆ. ನಿಮ್ಮಿಂದ ಹಿಡಿಯಬೇಕಾದದ್ದು ಶೇ. 0.75 ಮಾತ್ರ, ಉಳಿದ ಶೇ. 3.25 ಅವರದ್ದು. ಎರಡೂ ನಿಮ್ಮ ತಲೆಗೇ ಕಟ್ಟುವವರಿದ್ದಾರೆ, ಪೇ ಸ್ಲಿಪ್ ನೋಡಿ.

ನಿಗದಿತ ಅವಧಿಯ ನೇಮಕಾತಿ ಅಂತ ಪತ್ರದಲ್ಲಿ ಸ್ಪಷ್ಟವಾಗಿ ಇದೆಯಾ ಕೇಳಿ. ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷ ಬೇಕಿಲ್ಲ, ಒಂದು ವರ್ಷದ ಸೇವೆ ಸಾಕು. ಒಂದೂವರೆ ವರ್ಷದ ಕರಾರನ್ನು ಹನ್ನೊಂದು ತಿಂಗಳಿಗೆ ತುಂಡು ಮಾಡಿ ಎರಡು ಪತ್ರ ಕೊಟ್ಟರೆ, ಅದು ಯಾಕೆ ಅಂತ ಕೇಳಿಯೇ ಸಹಿ ಹಾಕಿ.

ಪ್ರಶ್ನೆ: ಆಫರ್ ಲೆಟರ್ ಬಂದಿದೆ. ಅಪಾಯಿಂಟ್‌ಮೆಂಟ್ ಲೆಟರ್ ಸೇರಿದ ದಿನ ಕೊಡುತ್ತೇವೆ ಅಂತಾರೆ. ಈಗಲೇ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡಲಾ? ಸಹಿ ಮಾಡಿದ ಪ್ರತಿ ಹೇಗೆ ಇಟ್ಟುಕೊಳ್ಳಬೇಕು?
— ಅಕೌಂಟ್ಸ್ ಸಹಾಯಕ, ಶಿವಮೊಗ್ಗ

ಉತ್ತರ: ನೇಮಕಾತಿ ಪತ್ರ ಕೊಡುವುದು ಈಗ ಕಡ್ಡಾಯ. ಆದರೆ ಸೇರಿದ ದಿನ ಬೆಳಿಗ್ಗೆ ಹದಿನೈದು ಪುಟ ಮುಂದಿಟ್ಟು ಪೆನ್ನು ಕೊಟ್ಟರೆ ಯಾರು ತಾನೆ ಓದುತ್ತಾರೆ? ಅಷ್ಟು ಹೊತ್ತಿಗೆ ಹಳೆಯ ಕೆಲಸವೂ ಕೈಬಿಟ್ಟಿರುತ್ತೆ. ಅದರ ಕರಡನ್ನು ಈಗಲೇ ಮೇಲ್ ಮಾಡಿ ಅನ್ನಿ. ಆಫರ್‌ನಲ್ಲಿ ಇರುವುದೇ ಅಲ್ಲೂ ಇದೆಯಾ ತಾಳೆ ನೋಡಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮುಗಿದ ಮೇಲಷ್ಟೇ ಆಫರ್ ಖಚಿತ ಅಂತ ಇದ್ದರೆ, ಹಳೆಯ ಕಂಪನಿಗೆ ಫೋನ್ ಹೋಗುವ ಭಾಗವನ್ನು ಬಿಟ್ಟು ಉಳಿದದ್ದನ್ನು ಮೊದಲೇ ಮುಗಿಸಿ ಅಂತ ಕೇಳಬಹುದು. ರಾಜೀನಾಮೆ ಅದಾದ ಮೇಲೆ.

ಪತ್ರದಲ್ಲಿ 'ಕಂಪನಿಯ ನೀತಿಗಳಿಗೆ ಒಳಪಟ್ಟು' ಅಂತ ಎಲ್ಲೆಲ್ಲಿ ಬರುತ್ತೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಆ ನೀತಿಗಳ ಪುಸ್ತಕ ಕೇಳಿ. ರಜೆ, ಓವರ್‌ಟೈಂ, ಶಿಸ್ತು ಕ್ರಮ ಎಲ್ಲ ಅದರಲ್ಲೇ ಅಡಗಿರುತ್ತೆ.

ಸಹಿ ನಿಮ್ಮದೊಂದೇ ಇದ್ದರೆ ಸಾಲದು, ಕಂಪನಿಯ ಅಧಿಕಾರಿಯ ಸಹಿಯೂ ಇರುವ ಪ್ರತಿ ಬೇಕು. ಪ್ರತಿ ಪುಟದಲ್ಲೂ ಇಬ್ಬರ ಸಹಿ ಇರಲಿ, ಖಾಲಿ ಜಾಗ ಇದ್ದರೆ ಗೆರೆ ಎಳೆಯಿರಿ. ಸ್ಕ್ಯಾನ್ ಮಾಡಿ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಆಫೀಸಿನ ಮೇಲ್‌ನಲ್ಲಿ ಮಾತ್ರ ಇಟ್ಟುಕೊಂಡರೆ, ಕೊನೆಯ ದಿನ ಮಧ್ಯಾಹ್ನ ಐಟಿಯವರು ಲಾಗಿನ್ ಬಂದ್ ಮಾಡಿದಾಗ ಪತ್ರವೂ ಅದರೊಳಗೇ ಉಳಿದುಬಿಡುತ್ತೆ.